ಎತ್ತು, ನಿಲ್ಲಿಸು, ಬಿಡು

"ಈ ಭಾನುವಾರ ಮಧ್ಯಾಹ್ನದ ಊಟದೊಳಗೆ ನಿಮ್ಮಪ್ಪನ ಕಾರಿನ ಎಂಜಿನ್ ಹೊರಗೆ! ಗಾಡಿಗೆ ಒಂದೇ ಒಂದು ಗೀರು ಬಿದ್ರೆ ನನ್ನ ಹೆಸರು ಬದಲಾಯಿಸು!"

ಪ್ರೂಫ್ ರೀಡರು ಹೀಗೆ ಘೋಷಿಸಿದಾಗ ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಮಾಡಿ" ಎಂದಳು. ಒಂದು ವರ್ಷದಿಂದ ಆ ಮನೆಯಲ್ಲಿ ಮಾತು ಉಪ್ಪಿನಷ್ಟೇ ಖರ್ಚಾಗುತ್ತಿತ್ತು.

ಕಾರು ಮಾವನದು. ಅವರಿಗಿಂತ ಹತ್ತು ವರ್ಷ ಚಿಕ್ಕದು, ಅವರಷ್ಟೇ ಮುಂಗೋಪಿ. ಪ್ರತಿ ಭಾನುವಾರ ಅದರ ಮೂತಿಯ ಬೆಳ್ಳಿಬಣ್ಣದ ಜಾಲರಿಯನ್ನು ಹಳೇ ಬನಿಯನ್ನಿನಿಂದ ಉಜ್ಜಿ, ಅದರಲ್ಲೇ ಮುಖ ನೋಡಿಕೊಂಡು ಮೀಸೆ ಕತ್ತರಿಸಿಕೊಳ್ಳುತ್ತಿದ್ದರು. ಹಾಸಿಗೆ ಹಿಡಿದ ಮೇಲೆ ಕೇಳಿದ್ದು ಒಂದೇ: "ಕೆರೆ ತನಕ ಒಂದು ಸುತ್ತು ಕರ್ಕೊಂಡು ಹೋಗಪ್ಪಾ." ಅಳಿಯನೇ ಓಡಿಸಿದರು, ಪಕ್ಕದಲ್ಲಿ ಮಗಳು. ಅರ್ಧ ದಾರಿಯಲ್ಲಿ ಎಂಜಿನ್ ಕಿರ್ರೆಂದು ಜಾಮ್ ಆಗಿ ನಿಂತಿತು. ಮಾವ ಕೆರೆ ನೋಡದೆಯೇ ಮನೆಗೆ ಮರಳಿದರು, ಹತ್ತನೇ ದಿನ ತೀರಿಕೊಂಡರು. ಅಂದಿನಿಂದ ಮಗಳು ಆ ಕಾರಿನೊಳಗೆ ಕೂತಿಲ್ಲ.

"ಹಳೇ ಎಂಜಿನ್, ಆಯಸ್ಸು ಮುಗಿದಿತ್ತು" ಎಂದು ಪ್ರೂಫ್ ರೀಡರು ಬಂದವರಿಗೆಲ್ಲ ಹೇಳಿದ್ದರು. ಊರಿನ ತಪ್ಪನ್ನೆಲ್ಲ ತಿದ್ದುವ ಮನುಷ್ಯ ತಮ್ಮ ಈ ವಾಕ್ಯದೊಳಗಿನ ತಪ್ಪನ್ನು ಮಾತ್ರ ಹಾಗೇ ಬಿಟ್ಟಿದ್ದರು. ಎಂಜಿನ್ ರಿಪೇರಿಯಾಗಿ ಮತ್ತೆ ಓಡಿದರೆ ಅದು ತಾನಾಗಿ ಅಳಿಸಿಹೋದೀತು ಎಂಬುದು ಅವರ ಆಸೆ.

ಮೆಕ್ಯಾನಿಕ್ ತನ್ನ ಚಿಕ್ಕ ಕ್ರೇನನ್ನು ತಂದುಕೊಟ್ಟ. ಹಿಡಿ ಒತ್ತಿದರೆ ಏರುತ್ತದೆ, ಬುಡದ ತಿರುಪು ಸಡಿಲಿಸಿದರೆ ಇಳಿಯುತ್ತದೆ. "ತೂಗೋ ಎಂಜಿನ್ ಕೆಳಗೆ ಕೈಕಾಲು ಹಾಕ್ಬೇಡಿ. ತಿರುಪನ್ನ ಒಂದೇ ಸಲ ಬಿಚ್ಬೇಡಿ. ಮುಖ್ಯವಾಗಿ, ಹೇಳೋರು ಒಬ್ರೇ ಇರ್ಲಿ" ಎಂದು ಮೂರು ಸಲ ಹೇಳಿ ಹೋದ.

ತಿರುಪಿನ ಬಳಿ ನಿಂತವನು ಭಾವಮೈದುನ. ದೊಡ್ಡ ಆಫೀಸೊಂದರಲ್ಲಿ ಲಿಫ್ಟ್ ನಡೆಸುವವನು. ಪ್ರೂಫ್ ರೀಡರು ಸ್ಲೇಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಅವನೆದುರು ನಿಲ್ಲಿಸಿದರು: ಎತ್ತು, ನಿಲ್ಲಿಸು, ಬಿಡು.

"ಪದ ಮೂರೇ. ಒಂದೊಂದಕ್ಕೂ ಒಂದೇ ಅರ್ಥ. ಕಿವಿಗೆ ಬಿದ್ದ ತಕ್ಷಣ ಮಾಡ್ಬೇಕು. ಯಾಕೆ ಅಂತ ಕೇಳೋ ಹಾಗಿಲ್ಲ!"

"ಭಾವ, ಮೂವತ್ತು ವರ್ಷ ಲಿಫ್ಟ್ ನಡೆಸಿದೀನಿ. ಐದು ಅಂದ್ರೆ ಐದು, ಆರು ಅಂದ್ರೆ ಆರು. ಯಾಕೆ ಅಂತ ಒಂದಿನ ಯಾರನ್ನೂ ಕೇಳಿಲ್ಲ."

ಭಾನುವಾರ ಬೆಳಗ್ಗೆಯಿಂದಲೇ ಮೋಡ ಕವಿದಿತ್ತು. ಬ್ಯಾಟರಿ ಕಳಚಿದ್ದಾಯಿತು, ಬಾನೆಟ್ ಬಿಚ್ಚಿದ್ದಾಯಿತು. ಎಂಜಿನ್ ಆಯಿಲ್ ಇಳಿಸಲು ದೊಡ್ಡ ಬಕೆಟ್ಟನ್ನೇ ಇಟ್ಟರು. ಬಂದದ್ದು ಎರಡು ಚಮಚ ಕಪ್ಪು ರಸ! ಪ್ರೂಫ್ ರೀಡರು ಆಚೀಚೆ ನೋಡಿ ಬಕೆಟ್ಟಿನ ಮೇಲೆ ಗೋಣಿಚೀಲ ಮುಚ್ಚಿದರು. ನಟ್ಟು ಬೋಲ್ಟು ಬಿಚ್ಚಿ, ಸರಪಳಿ ಬಿಗಿದು, ಮೂರು ಹೆಜ್ಜೆ ದೂರ ನಿಂತರು.

"ಎತ್ತು!"

ಎಂಜಿನ್ ಎದ್ದಿತು. "ಎತ್ತು! ಎತ್ತು! ನಿಲ್ಲಿಸು!" ಕ್ರೇನನ್ನು ಮೆಲ್ಲಗೆ ಹಿಂದಕ್ಕೆಳೆದಾಗ ಅದು ತೂಗುತ್ತಾ ಜಾಲರಿಯ ಮೇಲಕ್ಕೆ ಬಂತು. ಇನ್ನು ಒಂದು ಗೇಣು ಹಿಂದೆಳೆದರೆ ಗೆದ್ದಂತೆ. ಅಷ್ಟರಲ್ಲಿ ಬಾಗಿಲಲ್ಲಿ ಹೆಂಡತಿ ಕಾಣಿಸಿಕೊಂಡಳು.

"ರೀ, ಎಡಗಡೆ ವಾಲ್ತಾ ಇದೆ, ನೋಡಿ."

"ನಂಗೊತ್ತು ಕಣೇ, ಬಿಡು!"

ಭಾವಮೈದುನ ಬಿಟ್ಟ!

"ನಿಲ್ಲಿಸು! ನಿಲ್ಲಿಸೋ!" ಎಂದು ಕಿರುಚುವಷ್ಟರಲ್ಲಿ ಎಡಗಡೆಯ ಹೆಡ್‌ಲೈಟ್ ಪುಡಿಯಾಗಿತ್ತು. ಎಂಜಿನ್ ಜಾಲರಿಗೆ ನಾಲ್ಕು ಬೆರಳು ಮೇಲೆ ನಿಂತು ತೂಗತೊಡಗಿತು.

ಹೆಂಡತಿ ಗಾಜಿನ ಚೂರು ನೋಡಲಿಲ್ಲ, ಗಂಡನ ಮುಖ ನೋಡಿದಳು. "ಅವತ್ತೂ ಹೀಗೇ ಅಂದ್ರಿ. ಕೆಂಪು ದೀಪ ಉರೀತಾ ಇದೆ, ಆಯಿಲ್ ಇದೆಯೋ ಇಲ್ವೋ ಅಂದೆ. 'ಅದೆಲ್ಲ ಬಿಡು' ಅಂದ್ರಿ. ಅಪ್ಪ ಹಿಂದಿನ ಸೀಟಲ್ಲಿ ಕೂತು ಕೆರೆ ಬಂತಾ, ಕೆರೆ ಬಂತಾ ಅಂತ ಕೇಳ್ತಾನೇ ಇದ್ರು."

ಪ್ರೂಫ್ ರೀಡರ ಕೈಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು. ಅವಳಿಗೆ ಮರೆತುಹೋಗಿದೆ ಎಂದೇ ಅವರು ನಂಬಿದ್ದರು.

"ದೀಪ ನಾನೂ ನೋಡಿದ್ದೆ ಕಣೇ. ಆಯಿಲ್ ಹಾಕಿ ತಿಂಗಳುಗಟ್ಟಲೆ ಆಗಿತ್ತು. ಆಯಸ್ಸು ಮುಗಿದಿರ್ಲಿಲ್ಲ ಅದಕ್ಕೆ. ನನ್ನ ಸೋಮಾರಿತನ. ಹೇಳೋಕೆ ಧೈರ್ಯ ಬರ್ಲಿಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇದೊಂದು ಮಾತು ಹೇಳ್ತೀರೇನೋ ಅಂತ ಒಂದು ವರ್ಷ ಕಾದೆ. ಹೋಗ್ಲಿ, ಬಿಡಿ."

ಧಡಾರ್!

ಮಾವನ ಜಾಲರಿ ಅಪ್ಪಚ್ಚಿಯಾಯಿತು.

"ಲೋ! ನಿನಗಲ್ವೋ ಹೇಳಿದ್ದು!" ಎಂದು ಅಕ್ಕ ಚೀರಿದಳು.

ಭಾವಮೈದುನ ಎರಡೂ ಕೈ ಎತ್ತಿ ನಿಂತಿದ್ದ. "ಹುಟ್ಟಿದಾಗಿಂದ ನೀನು ನನ್ನನ್ನ 'ಲೋ' ಬಿಟ್ಟು ಬೇರೆ ಏನೂ ಅಂದಿಲ್ಲ. ಮೊದಲ್ನೇ ಸಲ 'ಬಿಡಿ' ಅಂತ ಮರ್ಯಾದೆ ಕೊಟ್ಟು ಹೇಳಿದೆ. ಹೇಗಕ್ಕಾ ಬಿಡದೇ ಇರ್ಲಿ?"

ಅವಳು ಗಾಜು ತುಳಿಯದಂತೆ ಸುತ್ತಿ ಬಂದು, ಕಾರಿನ ಬಾಗಿಲು ತೆಗೆದು, ಅಪ್ಪ ಕೂತಿದ್ದ ಹಿಂದಿನ ಸೀಟಿನಲ್ಲಿ ಕೂತಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಪ್ರೂಫ್ ರೀಡರಿಗೆ ತಿಳಿಯಲಿಲ್ಲ. ಸ್ಲೇಟನ್ನು ಎದೆಗವಚಿಕೊಂಡು ಕಿಟಕಿಯ ಬಳಿ ಹೋಗಿ ನಿಂತರು.

"ಒಂದು ಗೀರು ಬಿದ್ರೆ ಹೆಸರು ಬದಲಾಯಿಸು ಅಂದಿದ್ರಿ" ಎಂದಳು ಒಳಗಿನಿಂದ. "ಇನ್ಮೇಲೆ ಏನಂತ ಕರೀಲಿ?"

"ಏನಾದ್ರೂ ಕರಿ ಕಣೇ" ಎಂದರು ಪ್ರೂಫ್ ರೀಡರು. "ಕರೆದ್ರೆ ಸಾಕು."