ವೀರೇಂದ್ರನ ಸ್ಟುಡಿಯೋದಲ್ಲಿ ಕಾಣೆಯಾದ ಬೇಸ್

"ಸಂಜೆ ಒಳಗೆ ನಿನ್ ಹಾಡು ರೆಡಿ ಮಾರಾಯ್ತಿ! ಮೂಡಿಗೆರೆಲಿ ಇಂಥ ಮಿಕ್ಸಿಂಗ್ ಯಾರೂ ಕೇಳಿರ್ಬಾರ್ದು!" ಎಂದು ವೀರೇಂದ್ರ ಹೆಂಡತಿ ಭುವನಾಳ ಮುಂದೆ ಘೋಷಿಸಿಯೇಬಿಟ್ಟ.

ಅದು ಭುವನಾಳ ಮೊದಲ ರೆಕಾರ್ಡಿಂಗ್. ಸಂಜೆ ಐದರೊಳಗೆ ಚಿಕ್ಕಮಗಳೂರಿನ ಸಂಗೀತ ಸಭೆಗೆ ಕಳಿಸಬೇಕು. ಒಪ್ಪಿಗೆಯಾದರೆ ವೇದಿಕೆಯಲ್ಲಿ ಹಾಡುವ ಅವಕಾಶ. ಇಷ್ಟು ವರ್ಷ ಒಲೆಯ ಮುಂದೆಯೇ ಹಾಡಿಕೊಂಡಿದ್ದವಳಿಗೆ ಅದೇನು ಸಣ್ಣ ಮಾತೇ?

ವೀರೇಂದ್ರನೋ, ಹಿಂದಿನ ಕೋಣೆಗೆ ಸ್ಟುಡಿಯೋ ಎಂದು ಹೆಸರಿಟ್ಟು, ಟೇಪು ಹಿಡಿದು ಅಳೆದು, ನಟ್ಟನಡುವೆ ಕುರ್ಚಿ ಹಾಕಿಕೊಂಡು ಮಹಾರಾಜನಂತೆ ಕೂತಿದ್ದ. ಎಲ್ಲ ಚೆನ್ನಾಗಿತ್ತು, ತಬಲಾದ 'ದುಂ' ಮಾತ್ರ ಕೇಳಿಸದು! ಬೇಸ್, ಅಂದರೆ ಆ ತಗ್ಗು ದನಿಯನ್ನು, ಏರಿಸಿದ. ಊಹೂಂ. ಇನ್ನೂ ಏರಿಸಿದ. ಪರೀಕ್ಷೆಗೆಂದು ಜೀಪಿನಲ್ಲಿ ಹಾಕಿದರೆ, ಅಯ್ಯೋ ಶಿವನೇ, ಗಾಜುಗಳೆಲ್ಲ ಗಡಗಡ!

"ಇದ್ರಲ್ಲಿ ನಾನೆಲ್ಲಿದೀನಿ ರೀ?" ಎಂದಳು ಭುವನಾ. ಅವಳ ಮುಖ ಸಪ್ಪೆಯಾಗಿತ್ತು.

ಕೋಣೆಯ ಮೂಲೆಗಳಲ್ಲಿ ದಪ್ಪ ಸಾಮಾನು ಇಟ್ಟರೆ ಬೇಸ್ ಸರಿಹೋಗುತ್ತದೆ ಎಂದು ವೀರೇಂದ್ರ ಎಲ್ಲೋ ಓದಿದ್ದ. ಕಾಫಿ ಬೆಳೆಗಾರನಿಗೆ ದಪ್ಪ ಸಾಮಾನಿಗೇನು ಬರ! ಗೋಡೌನಿನಿಂದ ಒಣಗಿಸಿಟ್ಟ ಪಾರ್ಚ್‌ಮೆಂಟ್ ಕಾಫಿಬೀಜದ ಮೂಟೆಗಳನ್ನು ಹೊತ್ತು ತಂದು ನಾಲ್ಕೂ ಮೂಲೆಗೆ ಪೇರಿಸಿದ. ಸೊಂಟ ಹಿಡಿಯಿತು. 'ದುಂ' ಬರಲಿಲ್ಲ.

ತಾಯಿ ಶಿವಗಂಗಮ್ಮ ಬಾಗಿಲಲ್ಲಿ ಇಣುಕಿದರು. "ಏನೋ ಇದು? ಮೂಟೆನೆಲ್ಲ ಕ್ಯೂರಿಂಗ್ ಮಿಲ್ಲಿಗೆ ಒಯ್ಯೋಕೆ ಲಾರಿ ಬಂದು ನಿಂತಿದೆ, ನೀನಿಲ್ಲಿ ಕಾಫಿಗೆ ಹಾಡು ಕೇಳಿಸ್ತಾ ಕೂತಿದೀಯಾ?"

"ಅಮ್ಮಾ, ಇದು ವಿಜ್ಞಾನ!"

"ಆ ವಿಜ್ಞಾನನ ಮೊದ್ಲು ಲಾರಿಗೆ ಹತ್ಸು!"

ಆಳುಗಳು ನುಗ್ಗಿದರು. ಮೂಟೆ ಸಾಗಿಸಲು ಕುರ್ಚಿಯೇ ಅಡ್ಡ. "ಏಳ್ರೀ ಅತ್ಲಾಗೆ!" ಎಂದು ಭುವನಾ ಗಂಡನನ್ನು ಎಬ್ಬಿಸಿ ಹಿಂದಕ್ಕೆ ತಳ್ಳಿದಳು. ಹಾಡು ಓಡುತ್ತಲೇ ಇತ್ತು. ಮುಖ ಊದಿಸಿಕೊಂಡು ಹಿಂದೆ ನಿಂತವನ ಎದೆಗೇ ಬಡಿಯಿತು: ದುಂ!

ವೀರೇಂದ್ರ ಬೆಚ್ಚಿಬಿದ್ದ. ನಡುವಿಗೆ ಬಂದ, ಮಾಯ. ಹಿಂದೆ ಹೋದ, ದುಂ! ಗೋಡೆಗಳಿಗೆ ಬಡಿದು ಮರಳುವ ದನಿಗಳು ಒಂದನ್ನೊಂದು ನುಂಗಿ ಬೇಸ್ ಸತ್ತುಹೋಗುವ ನಟ್ಟನಡುವಿನ ಜಾಗವನ್ನೇ ಟೇಪು ಹಿಡಿದು ಹುಡುಕಿ, ಪುಣ್ಯಾತ್ಮ ಅಲ್ಲೇ ಸಿಂಹಾಸನ ಹಾಕಿದ್ದ!

ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆಳೆದು, ಏರಿಸಿದ್ದ ಬೇಸನ್ನೆಲ್ಲ ಇಳಿಸಿದ. ಭುವನಾಳ ದನಿ ತಿಳಿಯಾಗಿ ಮೇಲೆದ್ದಿತು. ಐದು ಹೊಡೆಯುವ ಮೊದಲೇ ಹಾಡು ಚಿಕ್ಕಮಗಳೂರಿಗೆ ಹೋಯಿತು.

ಮರುದಿನ ಸಭೆಯವರ ಫೋನು ಬಂತು. "ದನಿ ತುಂಬಾ ಚೆನ್ನಾಗಿದೆ ಮೇಡಂ, ಖಂಡಿತ ಬಂದು ಹಾಡಿ."

ವೀರೇಂದ್ರ ಮೀಸೆ ತಿರುವಿದ. "ನೋಡಿದ್ಯಾ ನನ್ ಮಿಕ್ಸಿಂಗು?"

ಭುವನಾ ಖುಷಿಗೆ ತುಂಬಿದ ಕಣ್ಣನ್ನು ಸೆರಗಿನಲ್ಲಿ ಒರೆಸಿಕೊಂಡು ನಕ್ಕಳು. "ನೋಡಿದೆ ರೀ. ನಿಮ್ಮನ್ನ ಎಬ್ಬಿಸಿದ್ ಮೇಲೇ ಅಲ್ವಾ ಸರಿಹೋಗಿದ್ದು!"