ಹನ್ನೊಂದು ನಿಮಿಷದ ಹಾರ್ಡ್ ಡಿಸ್ಕನ್ನು ಬದಲಿಸುವ ಬಗ್ಗೆ

ಇಂದ,
ಮಗಳು (ಪದವೀಧರೆ, ಸದ್ಯ ಮನೆಯಲ್ಲಿ),
ಕಿಟಕಿ ಕೋಣೆ.

ಗೆ,
ಅಪ್ಪನವರು,
ದಾಖಲೆ ಕೊಠಡಿಯ ನಿವೃತ್ತ ಮೇಲ್ವಿಚಾರಕರು,
ನಡುಮನೆ, ಬೆತ್ತದ ಕುರ್ಚಿ.

ಮೂಲಕ: ಅಮ್ಮನವರು, ಅಡುಗೆಮನೆ.

ಮಾನ್ಯರೇ,

ವಿಷಯ: ಒಂಬತ್ತು ವರ್ಷ ಹಳೆಯ ಲ್ಯಾಪ್‌ಟಾಪಿಗೆ ವೇಗದ ಡ್ರೈವ್ ಆಯ್ಕೆ ಮಾಡುವ ಬಗ್ಗೆ ಮತ್ತು ಅದರೊಳಗಿನ "ಹಳೆಯ ಸುತ್ತೋಲೆಗಳು" ಎಂಬ ಫೋಲ್ಡರಿನ ಬಗ್ಗೆ.

ಉಲ್ಲೇಖ: 1) "ಬಾಯಲ್ಲಿ ಹೇಳ್ಬೇಡ, ಬರೆದು ಕೊಡು" ಎಂಬ ತಮ್ಮ ಮೌಖಿಕ ಆದೇಶ, ಅರ್ಜಿದಾರಳ ಆರನೇ ವಯಸ್ಸಿನಿಂದ ಜಾರಿಯಲ್ಲಿರುವುದು.
2) ಕಳೆದ ಭಾನುವಾರದ ತಮ್ಮ ಷರಾ: "ಚರ್ಚಿಸಿ".

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮ ಅವಗಾಹನೆಗೆ ತರುವುದೇನೆಂದರೆ,

1. ಸದರಿ ಲ್ಯಾಪ್‌ಟಾಪ್ ಗುಂಡಿ ಒತ್ತಿದ ಮೇಲೆ ಕಣ್ಣು ಬಿಡಲು ಹನ್ನೊಂದು ನಿಮಿಷ ತೆಗೆದುಕೊಳ್ಳುತ್ತದೆ. ಇದನ್ನು ಅಮ್ಮನವರು ಖುದ್ದು ಪರಿಶೀಲಿಸಿದ್ದಾರೆ. ಗುಂಡಿ ಒತ್ತಿ, ಒಂದು ಬಕೆಟ್ ಬಟ್ಟೆ ಒಣಗಹಾಕಿ ಬಂದರೂ ಪರದೆಯ ಮೇಲಿನ ಚಕ್ರ ತಿರುಗುತ್ತಲೇ ಇತ್ತು. "ಮಂಡಿ ನೋವಿಟ್ಕೊಂಡು ನಾನೇ ಇದಕ್ಕಿಂತ ಬೇಗ ಏಳ್ತೀನಿ ಕಣೇ" ಎಂಬುದು ಅವರ ಹೇಳಿಕೆ.

2. ಕಳೆದ ತಿಂಗಳಿಂದ ಒಳಗಿನ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎನ್ನತೊಡಗಿದ ಕಾರಣ, ಅರ್ಜಿದಾರಳು ಮೂರು ದಿನ ಧೈರ್ಯ ಕೂಡಿಸಿಕೊಂಡು ರಿಪೇರಿ ಅಂಗಡಿಗೆ ಹೋದಳು. ಅಂಗಡಿಯ ಅಕ್ಕ ಕಿವಿಯಿಟ್ಟು ಕೇಳಿದರು.

"ಕೊನೇ ಉಸಿರು ಎಳೀತಿದೆಯಮ್ಮ. ಒಳಗೆ ಮುಖ್ಯವಾದ್ದು ಏನಾದ್ರೂ ಇದ್ಯಾ?"

"ಹಾಗೇನಿಲ್ಲ."

ಅಕ್ಕ ಅವಳ ಮುಖ ನೋಡಿ, "ಇದೆ ಅಂತಾಯ್ತು" ಎಂದರು.

3. ಸದರಿ ಅಕ್ಕನವರ ವರದಿಯ ಸಾರಾಂಶ: (ಅ) ಈಗಿರುವಂತೆಯೇ ಒಳಗೆ ತಟ್ಟೆ ತಿರುಗುವ ಹೊಸ ಹಾರ್ಡ್ ಡಿಸ್ಕ್. ಜಾಗ ನಾಲ್ಕು ಪಟ್ಟು, ವೇಗ ಹೆಚ್ಚುಕಡಿಮೆ ಅಷ್ಟೇ. (ಆ) ಅದೇ ಅಳತೆಯ ಎಸ್‌ಎಸ್‌ಡಿ. ಇದರೊಳಗೆ ತಿರುಗುವಂಥದ್ದು ಏನೂ ಇಲ್ಲ. ಲ್ಯಾಪ್‌ಟಾಪ್ ಇಪ್ಪತ್ತು ಸೆಕೆಂಡಿಗೆ ತೆರೆದುಕೊಳ್ಳುತ್ತದೆ. (ಇ) ಚೂಯಿಂಗ್ ಗಮ್ ಪಟ್ಟಿಯಂಥ, ಇನ್ನೂ ವೇಗದ ಹೊಸ ನಮೂನೆ. "ಅದನ್ನ ಕೂರಿಸೋಕೆ ಇದರಲ್ಲಿ ಕಿಂಡಿನೇ ಇಲ್ಲ, ಅದರಾಸೆ ಬಿಡು" ಎಂದಿರುವುದರಿಂದ (ಇ) ಕೈಬಿಡಲಾಗಿದೆ.

4. ತಾವು (ಅ) ಸಾಕೆಂದು ಅಭಿಪ್ರಾಯಪಟ್ಟಿದ್ದೀರಿ. "ಅಷ್ಟೊಂದು ಅವಸರ ಯಾಕೆ? ರೈಲು ಹೋಗಿಬಿಡುತ್ತಾ?" ಎಂದಿರಿ. "ರೀ, ಅವಳಿಗೆ ಇಂಟರ್‌ವ್ಯೂ ಕರೆ ಬಂದು ಹೋದ್ಮೇಲೂ ಇದು ಆಕಳಿಸ್ತಾನೇ ಇರುತ್ತೆ" ಎಂದು ಅಮ್ಮನವರು ಆಕ್ಷೇಪಣೆ ಸಲ್ಲಿಸಿದರು. ತಾವು ಪತ್ರಿಕೆಯ ಪುಟ ತಿರುವಿದಿರಿ. ಕಾರಣ ನಮೂದಾಗಿರುವುದಿಲ್ಲ.

5. ಯಾವ ಡ್ರೈವ್ ಆದರೂ "ಹಳೇ ಕಡತ ಹಾಗ್ಹಾಗೇ ಹೊಸ ಬೀರುಗೆ ತುಂಬಬಾರದು, ವಿಂಗಡಿಸಬೇಕು" ಎಂಬ ತಮ್ಮ ಮೂವತ್ತೊಂದು ವರ್ಷಗಳ ಸೇವಾನಿಯಮದಂತೆ, ಒಳಗಿರುವುದೆಲ್ಲದರ ಪಟ್ಟಿಯನ್ನು "ಇಡುವುದು", "ನಾಶಪಡಿಸುವುದು" ಎಂಬ ಎರಡು ಕಾಲಂಗಳೊಂದಿಗೆ ಸಲ್ಲಿಸಲಾಯಿತು. ಅದರ ಹದಿನಾಲ್ಕನೇ ಬಾಬ್ತು "ಹಳೆಯ ಸುತ್ತೋಲೆಗಳು".

6. ಅದರಲ್ಲಿ ಒಂದೇ ಒಂದು ಸುತ್ತೋಲೆಯೂ ಇಲ್ಲವೆಂದು ಅರ್ಜಿದಾರಳು ಈ ಮೂಲಕ ಒಪ್ಪಿಕೊಳ್ಳುತ್ತಾಳೆ. ಅದು ಅವಳ ಏಳು ವರ್ಷಗಳ ಡೈರಿ. ಮನುಷ್ಯರಾದವರು ಯಾರೂ ತೆರೆಯಲಾರದಷ್ಟು ಸಪ್ಪೆ ಹೆಸರೆಂದು ಅದನ್ನು ಇಟ್ಟಿದ್ದಳು. ಆ ಹೆಸರು ಕಂಡೊಡನೆ ಕಣ್ಣರಳಿಸುವ ಒಬ್ಬರು ಇದೇ ಮನೆಯ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಾರೆಂಬುದು ಹೊಳೆಯದೇ ಹೋದದ್ದು ಅವಳದೇ ಕರ್ತವ್ಯಲೋಪ.

7. ಭಾನುವಾರ ಮಧ್ಯಾಹ್ನ ಎರಡರಿಂದ ಐದೂಕಾಲರವರೆಗೆ ತಾವು ಬಾಬ್ತು ಹದಿನಾಲ್ಕನ್ನು ಪರಿಶೀಲಿಸಿದಿರಿ. ಅರ್ಜಿದಾರಳು ಕೋಣೆಯ ಬಾಗಿಲ ಹಿಂದೆ ನಿಂತಿದ್ದಳು.

"ಅದೇನ್ರೀ ಆವಾಗಿಂದ ಓದ್ತಿದ್ದೀರಾ?"

"ಸುತ್ತೋಲೆ."

"ಸುತ್ತೋಲೆ ಓದಿ ಯಾರಾದ್ರೂ ಕಣ್ಣೊರೆಸ್ಕೋತಾರಾ?"

"ಕನ್ನಡಕ ಒರೆಸ್ತಿದ್ದೀನಿ. ನೀನು ಒಳಗೆ ಹೋಗು."

ಅವಳು ತಡೆಯಬಹುದಿತ್ತು. ತಡೆಯಲು ಮಾತಾಡಬೇಕಿತ್ತು. ಆ ಕಾರಣ ತಡೆಯಲಿಲ್ಲ.

8. ಮಾರನೇ ದಿನ ಫೋಲ್ಡರ್ ತೆರೆದಾಗ, ಕಾಗುಣಿತದ ತಪ್ಪುಗಳು ಉದ್ದಕ್ಕೂ ತಿದ್ದಲ್ಪಟ್ಟಿದ್ದು, ಕೆಲವೆಡೆ ತಮ್ಮ ಷರಾಗಳು ಕಂಡುಬಂದವು.

"ಈ ಮನೆಯಲ್ಲಿ ದುಃಖವನ್ನೂ ಎರಡು ಪ್ರತಿಯಲ್ಲಿ ಸಲ್ಲಿಸಬೇಕು" ಎಂದು ಅವಳು ಬರೆದಿದ್ದ ಕಡೆ: "ಗಮನಿಸಲಾಗಿದೆ. ಒಂದು ಪ್ರತಿ ಸಾಕು."

ಸಂದರ್ಶನದಲ್ಲಿ "ನೀವೇನಾದ್ರೂ ಕೇಳೋದಿದ್ಯಾ?" ಎಂದಾಗ, ಬರೆದುಕೊಂಡು ಹೋಗಿದ್ದ ನಾಲ್ಕು ಪ್ರಶ್ನೆಗಳ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು "ಏನಿಲ್ಲ ಸರ್" ಎಂದು ಎದ್ದು ಬಂದ ದಿನದ ಕೆಳಗೆ: "ನಾಲ್ಕೂ ಒಳ್ಳೆಯ ಪ್ರಶ್ನೆಗಳು."

ಮತ್ತೊಂದು ಪುಟದಲ್ಲಿ ಅವಳು ಹೀಗೆ ಬರೆದಿದ್ದಳು: "ಲ್ಯಾಪ್‌ಟಾಪ್ ಏಳುವ ತನಕ ಅಪ್ಪ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಾರೆ. ಇಬ್ಬರೂ ಸುಮ್ಮನೆ ಆ ಚಕ್ರ ನೋಡುತ್ತೇವೆ. ತೆರೆದುಕೊಂಡ ಕೂಡಲೇ 'ಸರಿ, ನಿನ್ನ ಕೆಲಸ ನೋಡ್ಕೊ' ಎಂದು ಎದ್ದು ಹೋಗುತ್ತಾರೆ. ದಿನಕ್ಕೆ ಅಪ್ಪ ಸಿಗುವುದು ಅಷ್ಟೇ." ಇಲ್ಲಿ ಷರಾ ಇಲ್ಲ. ಅಡಿಗೆರೆ ಮಾತ್ರ ಇದೆ, ಎರಡು ಸಲ ಎಳೆದದ್ದು. ಅಂಶ 4ರಲ್ಲಿ ನಮೂದಾಗದಿದ್ದ ಆ ಕಾರಣವು ಅರ್ಜಿದಾರಳಿಗೆ ಇಲ್ಲಿ ದೊರೆಯಿತು.

9. ಪಟ್ಟಿಯಲ್ಲಿ ಬಾಬ್ತು ಹದಿನಾಲ್ಕರ ಎದುರು ತಾವು ಎರಡೂ ಕಾಲಂಗಳನ್ನು ಖಾಲಿ ಬಿಟ್ಟು "ಚರ್ಚಿಸಿ" ಎಂದು ಬರೆದಿದ್ದೀರಿ. ಇಂದಿಗೆ ಐದು ದಿನ. ಈ ಅವಧಿಯಲ್ಲಿ ಉಭಯತ್ರರ ನಡುವೆ ನಡೆದ ಮಾತುಕತೆಯ ಪೂರ್ಣಪಾಠ: "ಉಪ್ಪು." "ತಗೊಳ್ಳಿ." ಅತ್ತ ಡಿಸ್ಕಿನ ಟಿಕ್ ಟಿಕ್ ಈಗ ನಡುಮನೆಗೂ ಕೇಳುತ್ತಿದೆ. ಅದು ನಿಂತುಹೋದರೆ ಇಡುವ, ನಾಶಪಡಿಸುವ ಪ್ರಶ್ನೆಯೇ ಉಳಿಯುವುದಿಲ್ಲ. ಏಳು ವರ್ಷವೂ ಹೋಗುತ್ತದೆ, ತಮ್ಮ ಷರಾಗಳೂ ಹೋಗುತ್ತವೆ. ಎರಡನೆಯದು ಹೋಗುವುದು ಅರ್ಜಿದಾರಳಿಗೆ ಹೆಚ್ಚಿನ ನಷ್ಟ.

ಆದ್ದರಿಂದ, (ಆ) ಅಂದರೆ ಎಸ್‌ಎಸ್‌ಡಿಯನ್ನೇ ಮಂಜೂರು ಮಾಡಿ, ಬಾಬ್ತು ಹದಿನಾಲ್ಕನ್ನು ತಿದ್ದುಪಡಿ, ಷರಾ, ಅಡಿಗೆರೆಗಳ ಸಮೇತ ಯಥಾವತ್ತಾಗಿ ನಕಲು ಮಾಡಿಸಲು ಅನುಮತಿ ನೀಡಬೇಕೆಂದೂ, "ಚರ್ಚಿಸಿ" ಎಂಬ ಆದೇಶವನ್ನು ಪಾಲಿಸಲು ಅರ್ಜಿದಾರಳಿಗೆ ಪೂರ್ವಾನುಭವ ಇಲ್ಲದ ಕಾರಣ ಮೊದಲ ವಾಕ್ಯವನ್ನು ತಾವೇ ಆಡಿ ಉಪಕರಿಸಬೇಕೆಂದೂ ಕೋರಲಾಗಿದೆ. ಎರಡನೆಯದನ್ನು ಅವಳು ಹೇಗಾದರೂ ಮಾಡಿ ಆಡುತ್ತಾಳೆ.

ತಮ್ಮ ವಿಶ್ವಾಸಿ, ಹಾಗೂ ಮಗಳು,
(ಸಹಿ)

ಲಗತ್ತುಗಳು (ತಮ್ಮ ಷರಾದಂತೆ ಒಂದೇ ಪ್ರತಿಯಲ್ಲಿ):
1. ಅಂಗಡಿಯ ಅಕ್ಕನವರ ವರದಿ, ಚೀಟಿ ರೂಪದಲ್ಲಿ.
2. ಪಟ್ಟಿ, ಬಾಬ್ತು ಹದಿನಾಲ್ಕರ ಎದುರು ಇನ್ನೂ ಖಾಲಿ.
3. ನಾಲ್ಕು ಪ್ರಶ್ನೆಗಳು, ಶುದ್ಧಪ್ರತಿ.

ಕೊನೆಯದಾಗಿ: ಹೊಸ ಡ್ರೈವಿನಿಂದ ದಿನವೊಂದಕ್ಕೆ ಹತ್ತು ನಿಮಿಷ ನಲವತ್ತು ಸೆಕೆಂಡು ಉಳಿತಾಯವಾಗಲಿದೆ. ಈ ಅವಧಿಯನ್ನು ಪತ್ರಿಕೆ ಓದುವುದಕ್ಕಾಗಲಿ ಬೇರಾವ ಬಾಬ್ತಿಗಾಗಲಿ ವರ್ಗಾಯಿಸದೆ, ಪಕ್ಕದ ಕುರ್ಚಿಯನ್ನು ಈಗಿರುವ ಜಾಗದಲ್ಲೇ ಮುಂದುವರಿಸಬೇಕಾಗಿ ವಿನಂತಿ.