ನನ್ನನ್ನು ಹಿಂದಿಕ್ಕಿದ ನಾನು

ಸಾಕ್ಷಿಯಿಲ್ಲದೆ ಏನನ್ನೂ ನಂಬಬಾರದು ಎಂದು ವಿಶ್ವವಿದ್ಯಾಲಯದಲ್ಲಿ ನನಗೆ ಚೆನ್ನಾಗಿ ಕಲಿಸಿದರು. ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಹೊರಬರುವಾಗ ದೇವರು, ಜಾತಕ, ಹವಾಮಾನ ವರದಿ ಎಲ್ಲವನ್ನೂ ಅನುಮಾನಿಸುವಷ್ಟು ತಯಾರಾಗಿದ್ದೆ. ವಯಸ್ಸು ಐವತ್ತರ ಹತ್ತಿರ ಬಂದಿರುವ ಈಗ ಅನುಮಾನಪಡಲು ಅಷ್ಟು ದೂರ ಹೋಗಬೇಕಾಗಿಲ್ಲ, ನನ್ನ ತಲೆಯೇ ಸಾಕು. ಹೋದ ತಿಂಗಳು ವೈಟ್‌ಫೀಲ್ಡಿನ ಮೆಟ್ರೊ ನಿಲ್ದಾಣದ ಕೆಳಗೆ ಅರ್ಧ ಗಂಟೆ ನನ್ನ ಸ್ಕೂಟರ್ ಹುಡುಕಿದೆ. ಪಾಪ, ಸೆಕ್ಯುರಿಟಿಯವರೂ ಜೊತೆಗೆ ಹುಡುಕಿದರು. ಆಮೇಲೆ ನೆನಪಾಯಿತು, ಬೆಳಿಗ್ಗೆ ನಾನು ಆಫೀಸಿಗೆ ಹೋದದ್ದು ಕಂಪನಿ ಕ್ಯಾಬಿನಲ್ಲಿ. ಅವರಿಗೆ ನಿಜ ಹೇಳಲು ನಾಚಿಕೆಯಾಗಿ, "ಸಿಕ್ತು ಸಾರ್, ಥ್ಯಾಂಕ್ಸ್" ಎಂದು ಹೇಳಿ ಆಟೊ ಹತ್ತಿದೆ.

ನಗುವ ವಿಷಯವೇ, ಒಪ್ಪುತ್ತೇನೆ. ಆದರೆ ನಮ್ಮ ದೊಡ್ಡಪ್ಪ ಕೊನೆಗಾಲದಲ್ಲಿ ಮನೆಯವರ ಹೆಸರುಗಳನ್ನು ಒಂದೊಂದಾಗಿ ಬಿಟ್ಟುಕೊಡುತ್ತಾ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನಗೂ ಅದು ಶುರುವಾಯಿತೇ ಎಂಬ ಭಯ. ಹೆಂಡತಿ ಶೈಲಾಗೆ ಹೇಳಿದರೆ ಮರುದಿನವೇ ಡಾಕ್ಟರ ಮುಂದೆ ಕೂರಿಸುತ್ತಾಳೆ. ಹೇಳಲಿಲ್ಲ. ಆಫೀಸಿನ ಗೆಳೆಯನೊಬ್ಬನ ಹತ್ತಿರ ಮಾತ್ರ ಬಾಯಿಬಿಟ್ಟೆ. ಅವನು, "ಹೊಸದೇನಾದ್ರೂ ಕಲಿ ಗುರು, ತಲೆ ಚುರುಕಾಗುತ್ತೆ. ಸಂಸ್ಕೃತ ಕಲಿ, ಇಲ್ಲಾಂದ್ರೆ ಒಂದು ವಿಡಿಯೊ ಗೇಮ್ ತಗೋ" ಎಂದ. ಸಂಸ್ಕೃತಕ್ಕೆ ಬಾಯಿಪಾಠ ಬೇಕು. ಗೇಮ್ ತಂದೆ.

ಪುಟ್ಟ ಪುಟ್ಟ ಗಾಡಿಗಳ ಹೊಸ ರೇಸಿಂಗ್ ಗೇಮ್ ಅದು. ಹೆಲ್ಮೆಟ್ ಹಾಕಿದ ಬಾತುಕೋಳಿ, ಕನ್ನಡಕದ ಕರಡಿ ಮುಂತಾದವರು ಟೊಮೇಟೊ ಬಣ್ಣದ ಗಾಡಿಗಳಲ್ಲಿ ಕೂತು ಒಬ್ಬರ ಚಕ್ರದಡಿಗೆ ಇನ್ನೊಬ್ಬರು ಸೋಪುನೀರು ಚೆಲ್ಲುತ್ತಾ ಓಡುತ್ತಾರೆ. ಬಾತುಕೋಳಿ ಸ್ಟೀರಿಂಗ್ ಹಿಡಿದದ್ದನ್ನು ನನ್ನ ಮನಸ್ಸು ಬೇಗ ಒಪ್ಪಿಕೊಂಡಿತು. ಒಪ್ಪದೆ ಹೋದದ್ದು ರಸ್ತೆಯನ್ನು. ಗುಂಡಿಯಿಲ್ಲ, ಅಗೆತವಿಲ್ಲ, ಎದುರಿನಿಂದ ನೀರಿನ ಟ್ಯಾಂಕರ್ ಬರುವುದಿಲ್ಲ. ಮೊದಲ ವಾರವೆಲ್ಲ ಖಾಲಿ ರಸ್ತೆಯಲ್ಲಿ ಸುಮ್ಮನೆ ಬ್ರೇಕ್ ಒತ್ತಿ ಕೊನೆಯವನಾಗಿ ಬಂದೆ. ಆದರೂ ದಿನಕ್ಕೊಂದು ತಿರುವು ನೆನಪಿನಲ್ಲಿ ನಿಲ್ಲುತ್ತಾ ಬಂತು. ನನಗೆ ಆಸೆ ಚಿಗುರಿತು.

ಈ ಗೇಮಿನಲ್ಲಿ ಒಂದು ವ್ಯವಸ್ಥೆಯಿದೆ. ನಾವು ಅತಿ ವೇಗವಾಗಿ ಮುಗಿಸಿದ ಸುತ್ತನ್ನು ಅದು ನೆನಪಿಟ್ಟುಕೊಂಡು, ಮುಂದಿನ ಸಲ ನಮ್ಮ ಪಕ್ಕದಲ್ಲೇ ಒಂದು ನೆರಳು ಗಾಡಿಯಾಗಿ ಓಡಿಸುತ್ತದೆ. ಅಂದರೆ ನಮ್ಮದೇ ಹಳೆಯ ಓಟದ ಜೊತೆ ನಮ್ಮ ಪೈಪೋಟಿ. ಒಂದು ಸಂಜೆ ಆಫೀಸಿನಿಂದ ಬಂದು ಗೇಮ್ ಹಾಕಿದರೆ, ನನ್ನ ಹೆಸರು ಹೊತ್ತ ನೆರಳು ಹಿಂದಿನಿಂದ ಬಂದು ನನ್ನನ್ನು ದಾಟಿ, ಕೆರೆಯ ತಿರುವಿನಲ್ಲಿ ರಸ್ತೆ ಬಿಟ್ಟು ಪೊದೆಯೊಳಗೆ ನುಗ್ಗಿತು! ನಾನು ಕೆರೆ ಸುತ್ತಿ ಬರುವಷ್ಟರಲ್ಲಿ ಅದು ಆಚೆ ದಡದಿಂದ ಹೊರಬಂದು ಗೆದ್ದೂ ಆಗಿತ್ತು. ಅಂಥ ಒಳದಾರಿಯೊಂದಿದೆ ಎಂದೇ ನನಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದು ಮರೆತಿದ್ದೆ. ಶೈಲಾ ಗೇಮ್ ಮುಟ್ಟುವವಳಲ್ಲ. ಮನೆಯಲ್ಲಿ ಇರುವವರು ನಾವಿಬ್ಬರೇ. ಹಾಗಾದರೆ ಓಡಿಸಿದ್ದು ನಾನೇ ತಾನೆ? ಸ್ಕೂಟರ್ ಮರೆತದ್ದು ಬೇರೆ. ಅಷ್ಟು ದೊಡ್ಡ ಗೆಲುವನ್ನೇ ಮರೆತೆನೆಂದರೆ ಇನ್ನು ಹೆಸರುಗಳ ಸರದಿಯೇ. ನಾಲ್ಕು ದಿನ ಸಾರು ರುಚಿಸಲಿಲ್ಲ.

ಐದನೆಯ ದಿನ, ಭಾನುವಾರ, ಗಾಡಿ ಓಡಿಸದೆ ಬರೀ ಆ ನೆರಳನ್ನು ನೋಡುತ್ತಾ ಕೂತೆ. ಆಗ ಕಂಡಿತು. ಹೊರಟ ಕೂಡಲೇ ರಸ್ತೆ ಪಕ್ಕದಲ್ಲಿ ದೊಡ್ಡದೊಂದು ಅರಳಿಯಂಥ ಮರ ಬರುತ್ತದೆ. ನೆರಳು ಓಟವನ್ನು ಅಲ್ಲಿಗೇ ಬಿಟ್ಟು, ಮರವನ್ನು ಬಲಕ್ಕಿಟ್ಟುಕೊಂಡು ನಿಧಾನವಾಗಿ ಒಂದು ಪೂರ್ತಿ ಪ್ರದಕ್ಷಿಣೆ ಹಾಕಿ, ಆಮೇಲೆ ಮುಂದಕ್ಕೆ ಹೋಯಿತು. ನಾನು ಎದ್ದು ನಿಂತೆ. ನಮ್ಮ ಮದುವೆಯಲ್ಲೇ ಸುತ್ತು ಬರುವುದಕ್ಕೆ ತಕರಾರು ತೆಗೆದವನು ನಾನು. ಮರೆವು ಬಂದವನು ಏನನ್ನಾದರೂ ಮರೆಯಲಿ, ಟಿವಿಯೊಳಗಿನ ಮರಕ್ಕೆ ಪ್ರದಕ್ಷಿಣೆ ಬರುತ್ತಾನೆಯೇ? ಬರಬಹುದು, ತನ್ನ ನಾಸ್ತಿಕತೆಯನ್ನೇ ಮರೆತಿದ್ದರೆ, ಎಂದು ಒಳಗಿನ ಸಂಖ್ಯಾಶಾಸ್ತ್ರಜ್ಞ ಪಿಸುಗುಟ್ಟಿದ. ತಡೆಯಲಾಗಲಿಲ್ಲ. ಶೈಲಾಳನ್ನು ಕರೆದು ಎಲ್ಲವನ್ನೂ ಹೇಳಿಬಿಟ್ಟೆ: ಸ್ಕೂಟರು, ದೊಡ್ಡಪ್ಪ, ನೆರಳು.

ಅವಳು ಹಣೆಯ ಮೇಲಿನ ವಿಭೂತಿ ಮಡಿಕೆ ಬೀಳುವಂತೆ ಹುಬ್ಬೇರಿಸಿದಳು. "ಅಲ್ರೀ, ಅದು ಗೌರಮ್ಮನೋರು ಓಡ್ಸಿದ್ದು. ದಿನಾ ಮಧ್ಯಾಹ್ನ ಬಂದು ಆಡ್ತಾರೆ ಅಂತ ನಿಮಗೆ ಹೇಳಿದ್ನಲ್ಲ?"

ಗೌರಮ್ಮ ನಮ್ಮ ಮನೆಯ ಓನರು. ಕುಂದಲಹಳ್ಳಿ ಹಳ್ಳಿಯಾಗಿದ್ದಾಗಿನಿಂದ ಇಲ್ಲಿಯವರು. ನಮ್ಮ ಮೂರಂತಸ್ತಿನ ಕಟ್ಟಡ ನಿಂತಿರುವುದು ಅವರ ರಾಗಿ ಹೊಲದಲ್ಲಿ. ಶೈಲಾ ಮೆಟ್ಟಿಲ ಬಳಿ ಹೋಗಿ ಕೂಗಿದಳು. ಕೆಳಗಿನ ಮನೆಯಿಂದ ಗೌರಮ್ಮ ಸೆರಗಿನಲ್ಲಿ ಕರಿಬೇವು ಕಟ್ಟಿಕೊಂಡು ಬಂದರು. ನಾನು ತನಿಖಾಧಿಕಾರಿಯ ಗತ್ತಿನಲ್ಲಿ ಕೇಳಿದೆ, "ಗೌರಮ್ಮನೋರೇ, ಕೆರೆ ಹತ್ತಿರ ಆ ದಾರಿ ನಿಮಗೆ ಹೇಗೆ ಸಿಕ್ತು?"

"ಸಿಗೋದೇನ್ ಬಂತು ಸಾರ್? ಕೆರೆ ಅಂದ್ಮೇಲೆ ಏರಿ ಇರಾಕಿಲ್ವಾ? ಏರಿ ಮ್ಯಾಲೆ ಓದ್ರೆ ಆಯ್ತು. ನೀವು ಓದ್ದೋರು, ಸುಮ್ನೆ ಸುತ್ತಾಕ್ಕೊಂಡು ಓಗ್ತೀರಿ."

"ಮತ್ತೆ ಆ ಮರ?"

"ಅರಳೀಮರ ಅಲ್ವಾ, ಅಂಗೇ ಓಗಾಕಾಯ್ತದಾ?"

"ಈ ವಿಷಯ ನನಗೆ ಹೇಳಬಹುದಿತ್ತಲ್ಲ!"

"ಅಯ್ಯೋ, ಮೆಟ್ಲಲ್ಲಿ ಮೂರ್ ಸಲ ಯೋಳಿವ್ನಿ! ನಿಮ್ ಗೇಮಲ್ಲಿ ನಾನೇ ಫಸ್ಟು ಅಂತ. ಮೂರ್ ಸಲಾನೂ 'ಹೌದಾ, ಒಳ್ಳೇದಾಯ್ತು' ಅಂದ್ಕೊಂಡು ಓಗ್ಬಿಟ್ರಿ."

ಮೂರನ್ನೂ ಮರೆತಿದ್ದೆನೆ? ಗೌರಮ್ಮ ನನ್ನ ಮುಖ ನೋಡಿದರು. ಶೈಲಾಳಿಂದ ವಿಷಯ ತಿಳಿದುಕೊಂಡು, ನನ್ನ ಪಕ್ಕದಲ್ಲೇ ಸೋಫಾದ ಮೇಲೆ ಕೂತು ಗೇಮಿನ ರಿಮೋಟ್ ಎತ್ತಿಕೊಂಡರು. "ಫೋನ್ ಆಕಡೆ ಮಡಗಿ. ಒಂದೇ ಸಲ ತೋರುಸ್ತೀನಿ, ಕಣ್ಬಿಟ್ಟು ನೋಡಿ." ಕೆರೆಯ ತಿರುವಿನಲ್ಲಿರುವ ಗಾಳಿಯಂತ್ರದ ಹಿಂದೆ ಪೊದೆಯಲ್ಲಿ ಸಂದು, ಎಡಕ್ಕೊಂದು ಇಳಿಜಾರು, ಆಮೇಲೆ ಏರಿ. ತೋರಿಸಿ ರಿಮೋಟನ್ನು ನನಗೆ ಕೊಟ್ಟರು. ಸಂದು ಸಿಕ್ಕಿತು, ಇಳಿಜಾರೂ ಸಿಕ್ಕಿತು. ಏರಿಯ ಮೇಲೆ ಸಾಗಿ, ಒಂದು ತಿರುವನ್ನೂ ತಪ್ಪದೆ ಆಚೆ ದಡ ಮುಟ್ಟಿದೆ. ಗೌರಮ್ಮನ ನೆರಳು ಮುಂದೆಯೇ ಇತ್ತು, ಇರಲಿ. ಅಷ್ಟು ಸಂತೋಷದಿಂದ ನಾನು ಹಿಂದೆಂದೂ ಸೋತಿರಲಿಲ್ಲ.

"ನೋಡಿ, ನಿಮ್ಗೆ ಮರ್ವೂ ಇಲ್ಲ, ಏನೂ ಇಲ್ಲ. ನಾವ್ ಮಾತಾಡೋವಾಗ ನೀವು ಇಲ್ಲಿರಾಕಿಲ್ಲ, ಅಷ್ಟೇಯ. ಕೇಳುಸ್ಕೊಂಡಿದ್ರೆ ತಾನೆ ಮರೆಯಾಕೆ?" ಎಂದು ತೀರ್ಪು ಕೊಟ್ಟು ಕರಿಬೇವನ್ನು ಶೈಲಾಗೆ ಒಪ್ಪಿಸಿ ಇಳಿದು ಹೋದರು.

ಒಂದೇ ಪ್ರಯೋಗದಿಂದ ತೀರ್ಮಾನಕ್ಕೆ ಬರಬಾರದೆಂದು ಓದಿಕೊಂಡವನು ನಾನು. ಆದ್ದರಿಂದ ಮರುದಿನ ಶೈಲಾ ಮಾತಿಗೆ ಕೂತಾಗ ಟಿವಿ ಆರಿಸಿ, ಫೋನ್ ಕೋಣೆಯಲ್ಲಿಟ್ಟು, ಅವಳ ಮುಖ ನೋಡುತ್ತಾ ಪೂರ್ತಿ ಇಪ್ಪತ್ತು ನಿಮಿಷ ಕೇಳಿದೆ. ಗೌರಮ್ಮ ಹೇಳಿದ್ದು ನಿಜ. ಒಂದು ವಾಕ್ಯವನ್ನೂ ಮರೆತಿಲ್ಲ, ಬೇಕಾದರೆ ಈಗಲೂ ಸಾಲಾಗಿ ಒಪ್ಪಿಸಬಲ್ಲೆ. ಆದರೆ ಅವುಗಳಲ್ಲಿ ಹೆಚ್ಚಿನವು ನನ್ನ ಬಗ್ಗೆಯೇ ಇದ್ದವು. ಕೆಲವನ್ನಾದರೂ ಮರೆಯಲು ಸಾಧ್ಯವೇ ಎಂದು ಅಂದಿನಿಂದ ಪ್ರಯತ್ನಿಸುತ್ತಿದ್ದೇನೆ, ಆಗುತ್ತಿಲ್ಲ.